ಆಟೋನಾ, ಕ್ಯಾಬಾ? ಅಸಮತೆಯಲ್ಲಿ ತಿಂಗಳ ಲೆಕ್ಕ

ಇವತ್ತಿನ ವಿಷಯ ಅಸಮತೆ, ಅಂದ್ರೆ ಇನ್‌ಈಕ್ವಾಲಿಟಿ. ಪಿಯುಸಿಯಲ್ಲಿ ಓದಿ ಮರೆತಿರ್ತೀವಿ, ಆದ್ರೆ ದಿನಾ ಬಳಸ್ತೀವಿ. "ಇಷ್ಟರೊಳಗೆ ಮುಗೀಬೇಕು", "ಕನಿಷ್ಠ ಇಷ್ಟಾದ್ರೂ ಬೇಕು" ಅಂದ್ರೆ ಅದೇ ಅಸಮತೆ. ಸರಳ ಸಮೀಕರಣಕ್ಕೆ ಒಂದೇ ಉತ್ತರ. ಇದಕ್ಕೆ ಉತ್ತರಗಳ ಗುಂಪೇ ಇರುತ್ತೆ.

ಮೊದಲು ಮೀಟರ್

ಮುಂಬೈನಲ್ಲಿ 2025ರ ಫೆಬ್ರವರಿ 1ರಿಂದ ಬಂದ ಆಟೋ ದರ: ಮೊದಲ ಒಂದೂವರೆ ಕಿ.ಮೀ.ಗೆ 26 ರೂಪಾಯಿ, ಆಮೇಲೆ ಕಿ.ಮೀ.ಗೆ 17.14. ಜೇಬಲ್ಲಿ 100 ರೂಪಾಯಿ ಇದೆ. ಎಷ್ಟು ದೂರ ಹೋಗಬಹುದು? ದೂರವನ್ನು 'ದ' ಅನ್ನೋಣ.

26 + 17.14(ದ − 1.5) ≤ 100

ಎರಡೂ ಕಡೆ 26 ಕಳೆಯಿರಿ, 17.14ರಿಂದ ಭಾಗಿಸಿ: ದ − 1.5 ≤ 4.3. ಅಂದ್ರೆ ದ ≤ 5.8, ಸುಮಾರಾಗಿ. ಸಂಖ್ಯಾರೇಖೆಯಲ್ಲಿ 5.8ರ ಮೇಲೆ ತುಂಬಿದ ಚುಕ್ಕಿ ಇಟ್ಟು, ಸೊನ್ನೆಯವರೆಗೆ ಬಣ್ಣ ಹಚ್ಚಿ. ಚಿಹ್ನೆ ಬರೀ < ಆಗಿದ್ರೆ ಖಾಲಿ ಚುಕ್ಕಿ, ಯಾಕಂದ್ರೆ ಆಗ ಆ ತುದಿ ಉತ್ತರಕ್ಕೆ ಸೇರಲ್ಲ.

ಈಗ ತಿಂಗಳ ಬಜೆಟ್

ತಿಂಗಳಿಗೆ 12 ದಿನ ಆಫೀಸು, ಅಂದ್ರೆ 24 ಟ್ರಿಪ್. ಆಟೋಗೆ 60 (ಮೂರೂವರೆ ಕಿ.ಮೀ.ಗೆ ಮೀಟರ್ ಹೆಚ್ಚುಕಡಿಮೆ ಅಷ್ಟೇ), ಕ್ಯಾಬ್‌ಗೆ 150 ಅಂತ ಇಟ್ಟುಕೊಳ್ಳೋಣ. ಊರಿಗೆ ಹಣ ಕಳಿಸಿ, ಬಾಡಿಗೆ ಕಟ್ಟಿ ಉಳಿಯೋದು 3,000. ಮಳೆಗಾಲದಲ್ಲಿ ಎಲ್ಲರಿಗೂ ಕ್ಯಾಬೇ ಬೇಕು. ಹಾಗಾದ್ರೆ ಕನಿಷ್ಠ ಎಷ್ಟು ಸಲ ಆಟೋ ಹತ್ತಬೇಕು? ಆಟೋ ಟ್ರಿಪ್ 'ಆ' ಆದ್ರೆ ಕ್ಯಾಬ್ 24 − ಆ.

60ಆ + 150(24 − ಆ) ≤ 3000
3600 − 90ಆ ≤ 3000
−90ಆ ≤ −600

ಇಲ್ಲಿ ಹುಷಾರು! ಋಣ ಸಂಖ್ಯೆಯಿಂದ ಭಾಗಿಸಿದ್ರೆ ಚಿಹ್ನೆ ತಿರುಗುತ್ತೆ: ಆ ≥ 6.67. ಯಾಕೆ? 2ಕ್ಕಿಂತ 5 ದೊಡ್ಡದು. ಆದ್ರೆ 5 ರೂಪಾಯಿ ಸಾಲ ಇರೋನು 2 ರೂಪಾಯಿ ಸಾಲದವನಿಗಿಂತ ಕೆಳಗೆ. −5 < −2.

ಅರ್ಧ ಟ್ರಿಪ್ ಇಲ್ಲವಲ್ಲ, ಹಾಗಾಗಿ 7. 7 ಆಟೋ, 17 ಕ್ಯಾಬ್: 2,970 ರೂಪಾಯಿ. 6 ಆಟೋ ಆದ್ರೆ 3,060, ಬಜೆಟ್ ದಾಟಿತು.

ಗ್ರಾಫ್

ಅಡ್ಡಕ್ಕೆ ಆಟೋ, ಉದ್ದಕ್ಕೆ ಕ್ಯಾಬ್ (ಕ). 60ಆ + 150ಕ = 3000 ಗೆರೆ (50, 0) ಮತ್ತು (0, 20) ಮೂಲಕ ಹೋಗುತ್ತೆ. ಬಣ್ಣ ಯಾವ ಕಡೆ? (0, 0) ಹಾಕಿ ನೋಡಿ: 0 ≤ 3000, ಸರಿ. ಹಾಗಾದ್ರೆ ಸೊನ್ನೆ ಇರೋ ಕಡೆ. ಇನ್ನೊಂದು ಗೆರೆ ಆ + ಕ = 24. ನಮಗೆ ಕನಿಷ್ಠ 24 ಬೇಕು. 0 ≥ 24 ತಪ್ಪು, ಆದ್ದರಿಂದ ಸೊನ್ನೆಯ ಆಚೆ ಕಡೆ. ಎರಡೂ ಬಣ್ಣ ಕೂಡಿದ ಜಾಗವೇ ಉತ್ತರ. ಅದರ ಎಡತುದಿ ನೋಡಿ, ಅದೇ 6.67!

ಗ್ರಾಫ್‌ನ ಲಾಭ ಏನಂದ್ರೆ ಹೆಚ್ಚು ಟ್ರಿಪ್ ಬಂದ್ರೂ ಕಾಣುತ್ತೆ: 20 ಆಟೋ, 10 ಕ್ಯಾಬ್ ಆದ್ರೆ 2,700, ಒಳಗೇ ಇದೆ.

ಬಜೆಟ್ 2,400ಕ್ಕೆ ಇಳಿಸಿ ನೀವೇ ಮಾಡಿ. 24 ಟ್ರಿಪ್‌ಗೆ ಕನಿಷ್ಠ 14 ಆಟೋ ಬರಬೇಕು. ಬರದಿದ್ರೆ ಮೊದಲು ಚಿಹ್ನೆ ತಿರುಗಿಸಿದ್ರಾ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.