ನೇಟಾಲ್ ಕವಳಿ: ಹೂ ಉಂಟು, ಹಣ್ಣೇಕಿಲ್ಲ?



ಬೇಲಿಯೂ ಆಗುವ, ಹಣ್ಣೂ ಕೊಡುವ ಆಫ್ರಿಕಾದ ಪೊದೆಯೊಂದನ್ನು ನಾವು ಬೆಳೆಸಿದ್ದೇವೆಂದು ಕೇಳಿ ಅನೇಕರು ಸಂಘದ ಕಚೇರಿಗೆ ಬಂದು ವಿಚಾರಿಸಿದ್ದಾರೆ. ಬೆಳೆಸಿದ್ದು ನಿಜ, ಎಡವಿದ್ದೂ ನಿಜ.

ದಕ್ಷಿಣ ಆಫ್ರಿಕಾದ ನೇಟಾಲ್ ಕರಾವಳಿಯಿಂದ ಮೊಜಾಂಬಿಕ್‌ವರೆಗೆ ಕಾಡಾಗಿ ಬೆಳೆಯುವ ಈ ಮುಳ್ಳುಪೊದೆ ನಮ್ಮ ಕವಳಿಯ, ಅಂದರೆ ಕರಂಡೆಯ, ಹತ್ತಿರದ ನಂಟ. ಹೊಳೆಯುವ ಎಲೆ, ಕವಲೊಡೆದ ಮುಳ್ಳು, ಘಮಘಮಿಸುವ ಐದೆಸಳಿನ ಬಿಳಿ ಹೂ. ಹಣ್ಣು ಕೆಂಪಾಗಿ ಮೆತ್ತಗಾದ ಮೇಲೆ ಸಿಪ್ಪೆ, ಬೀಜಸಹಿತ ತಿನ್ನಬಹುದು.

ಅಫಜಲಪುರ ತಾಲೂಕಿನ ನಮ್ಮ ಮೂಲ ಊರು ಮಣ್ಣೂರದಲ್ಲಿ, ಭೀಮಾ ತೀರದ ಎರೆಹೊಲಕ್ಕೆ ಆಡು, ಹಂದಿಗಳ ಕಾಟ. ನರ್ಸರಿಯೊಂದರಿಂದ ಐವತ್ತು ಗಿಡ ತಂದು ಬದುವಿನ ಮೇಲೆ ನೆಟ್ಟೆವು. ಎರೆಯಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಬದುವೇ ಸರಿಯಾದ ಜಾಗ. ಬೇಲಿ ದಟ್ಟವಾಯಿತು, ಆಡು ನಿಂತವು. ಆದರೆ ನಾಲ್ಕು ವರ್ಷ ಹೂ ಬಿಟ್ಟರೂ ಒಂದು ಹಣ್ಣಿಲ್ಲ. ಗೊಬ್ಬರ ಹಾಕಿದೆವು, ನೀರು ಹೆಚ್ಚಿಸಿದೆವು, ಮನೆಯವರು ನಕ್ಕರು.

ಕಾರಣ ತಡವಾಗಿ ಹೊಳೆಯಿತು. ಐವತ್ತೂ ಗಿಡಗಳು ಒಂದೇ ತಾಯಿಗಿಡದ ಕಡ್ಡಿಗಳು! ಈ ಜಾತಿಯ ಅನೇಕ ಗಿಡಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ತವರಿನಲ್ಲಿ ಪರಾಗ ಒಯ್ಯುವ ಸಣ್ಣ ದುಂಬಿಗಳು, ರಾತ್ರಿ ಹಾರುವ ಹುಳುಗಳು ಬೇರೆಡೆ ಇಲ್ಲದಿರುವುದೂ ಒಂದು ತೊಡಕು. ಬೀಜದಿಂದೆದ್ದ ಬೇರೆ ಗಿಡಗಳನ್ನು ನಡುನಡುವೆ ನೆಟ್ಟು, ಅವು ಹೂ ಬಿಟ್ಟಾಗ ಸಣ್ಣ ಕುಂಚದಿಂದ ಪರಾಗ ಮುಟ್ಟಿಸಿದ ಮೇಲೆಯೇ ನಾವು ಹಣ್ಣು ಕಂಡದ್ದು.

ಆದುದರಿಂದ ಕನಿಷ್ಠ ಎರಡು ಮೂರು ತಾಯಿಗಿಡಗಳಿಂದ ಸಸಿ ಮಾಡಿರಿ. ತಾಜಾ ಬೀಜ ಎರಡರಿಂದ ನಾಲ್ಕು ವಾರದಲ್ಲಿ ಮೊಳೆಯುತ್ತದೆ, ಮೊದಮೊದಲು ಬೆಳವಣಿಗೆ ಬಲು ನಿಧಾನ. ಕಡ್ಡಿ ಬೇಕಿದ್ದರೆ ಎಳೆಯ ಟೊಂಗೆಯನ್ನು ಅರ್ಧದಷ್ಟು ಕಚ್ಚುಮಾಡಿ, ಕೆಳಕ್ಕೆ ಬಾಗಿಸಿ, ಗಿಡದಲ್ಲೇ ಎರಡು ತಿಂಗಳು ಬಿಡಿ. ಗಂಟುಕಟ್ಟಿದ ಮೇಲೆ ಕತ್ತರಿಸಿ ಮರಳಿನಲ್ಲಿ ಊರಿ. ಬೇಲಿಗೆ ಎರಡಡಿ ಅಂತರ ಸಾಕು. ಬಿಸಿಲು ಬೇಕು; ಕಾಫಿಯ ನೆರಳಿಗೆ, ಅಡಿಕೆ ಸಾಲಿನ ನಡುವೆ ಹಾಕಬೇಡಿರಿ.

ಜಾಮ್ ಮಾಡುವವರು ಅಲ್ಯೂಮಿನಿಯಂ ಪಾತ್ರೆ ಬಳಸದಿರಲಿ. ಹಣ್ಣಿನ ಹಾಲು ಪಾತ್ರೆಗೆ ಅಂಟಿದರೆ ಅಡುಗೆ ಎಣ್ಣೆ ಸವರಿ ಉಜ್ಜಿ. ಒಂದು ಎಚ್ಚರ: ಆಫ್ರಿಕಾದಲ್ಲಿ ಬಾಣಕ್ಕೆ ಸವರುವ ವಿಷ ಕೊಡುವ ಅಕೊಕ್ಯಾಂತೆರಾ ನೋಡಲು ಹೀಗೆಯೇ ಇರುತ್ತದೆ, ಅದಕ್ಕೆ ಮುಳ್ಳಿಲ್ಲ. ಗುರುತು ಖಚಿತವಾಗದೆ ಮಕ್ಕಳ ಕೈಗೆ ಹಣ್ಣು ಕೊಡಬೇಡಿರಿ.

ಬೀಜ ಬೇಕಾದವರು ಕಚೇರಿಯಲ್ಲಿ ಹೆಸರು ಬರೆಸಿರಿ. ಈ ಸಲ ಇರುವುದು ಸ್ವಲ್ಪವೇ.