ಹುಳದ ವೇಷ ಹಾಕಿದ ಗಾಳ

ಗಾಳ ಹಾಕಿ ಮೀನು ಹಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ. ನಮ್ಮೂರಲ್ಲಿ ಕೊಕ್ಕೆಗೆ ಎರೆಹುಳು ಸಿಕ್ಕಿಸುತ್ತಾರೆ. ಆದರೆ ಎರೆಹುಳುವೇ ಇಲ್ಲದೆ, ಬರೀ ಗರಿ, ನೂಲು, ತಂತಿ ಸುತ್ತಿದ ಕೊಕ್ಕೆಯಿಂದ ಮೀನು ಹಿಡಿಯುವವರೂ ಇದ್ದಾರೆ ಅಂದರೆ ನಂಬ್ತೀರಾ? ವಿಜ್ಞಾನದ ಮೇಷ್ಟ್ರು ಹೇಳಿದಾಗ ನಾನೂ ನಂಬಿರಲಿಲ್ಲ. ಆಮೇಲೆ ಅವರು ಪುಸ್ತಕ ತಂದು ಚಿತ್ರ ತೋರಿಸಿದರು. ಅದರಲ್ಲಿ ಓದಿದ್ದು, ನಾನು ಹೊಳೆಯಲ್ಲಿ ನೋಡಿದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ.

ಇದು ಹೊಸ ವಿದ್ಯೆ ಅಲ್ಲ. ಮ್ಯಾಸಿಡೋನಿಯಾ ದೇಶದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದರು ಎಂದು ಸುಮಾರು ಕ್ರಿ.ಶ. 200ರ ಹೊತ್ತಿಗೆ ಈಲಿಯನ್ ಎಂಬ ರೋಮನ್ ಲೇಖಕ ಬರೆದಿದ್ದಾನೆ. 1836ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ರೊನಾಲ್ಡ್ಸ್ ಎಂಬವರು ಒಂದು ಪುಸ್ತಕ ತಂದರು. ಅದರಲ್ಲಿ ನಿಜವಾದ ಹುಳದ ಚಿತ್ರ, ಪಕ್ಕದಲ್ಲೇ ಅದರ ಹಾಗೆ ಕಟ್ಟಿದ ಕೊಕ್ಕೆಯ ಚಿತ್ರ ಇತ್ತು.

ಹೀಗೆ ಕೊಕ್ಕೆ ಕಟ್ಟುವವರು ಹೆಚ್ಚಾಗಿ ನೋಡಿ ಕಲಿಯುವ ಒಂದು ಹುಳಕ್ಕೆ ಮೇಫ್ಲೈ ಎನ್ನುತ್ತಾರೆ. ಇದು ನಮ್ಮ ಹೊಳೆಯಲ್ಲೂ ಇದೆ. ರಾತ್ರಿ ದೀಪಕ್ಕೂ ಬರುತ್ತದೆ. ಮಳೆಹುಳ ಅಂದುಕೊಳ್ಳಬೇಡಿ, ಅದು ಗೆದ್ದಲಿನ ಜಾತಿ. ಮೇಫ್ಲೈ ರೆಕ್ಕೆಯನ್ನು ಬೆನ್ನ ಮೇಲೆ ನೆಟ್ಟಗೆ ನಿಲ್ಲಿಸಿ ಕೂರುತ್ತದೆ, ಬಾಲದಲ್ಲಿ ಕೂದಲಿನಂಥ ಎರಡೋ ಮೂರೋ ಎಳೆ ಇರುತ್ತವೆ.

ಈ ಹುಳಕ್ಕೆ ನಾಲ್ಕು ವೇಷ. ಆದ್ದರಿಂದ ಕೊಕ್ಕೆಯನ್ನೂ ನಾಲ್ಕು ಥರ ಕಟ್ಟಬೇಕು.

1. ಮರಿಹುಳ: ಮೊಟ್ಟೆ ಒಡೆದ ಮೇಲೆ ಇದು ನೀರಿನಲ್ಲೇ ಕಲ್ಲಿನ ಅಡಿ ಇರುತ್ತದೆ. ಪಾಚಿ ತಿನ್ನುತ್ತದೆ, ಹೊಟ್ಟೆಯ ಎರಡೂ ಬದಿ ಇರುವ ಕಿವಿರುಗಳಿಂದ ಉಸಿರಾಡುತ್ತದೆ. ಹಾವಿನ ಹಾಗೆ ಎಷ್ಟೋ ಸಲ ಪೊರೆ ಬಿಡುತ್ತದೆ. ಇದರಂತೆ ಕಟ್ಟುವಾಗ ಕೊಕ್ಕೆ ಮುಳುಗಬೇಕು, ಅದಕ್ಕೇ ತಾಮ್ರದ ತಂತಿ ಸುತ್ತುತ್ತಾರೆ.

2. ಮೇಲೆ ಬರುವ ಹುಳ: ಬೆಳೆದ ಮೇಲೆ ಇದು ನೀರಿನ ಮೇಲ್ಮೈಗೆ ಈಜಿ ಬರುತ್ತದೆ. ಅಲ್ಲಿ ಬೆನ್ನು ಸೀಳಿ ರೆಕ್ಕೆ ಹೊರಗೆ ಬರುತ್ತದೆ. ಆಗ ಮೈ ಅರ್ಧ ನೀರಲ್ಲಿ, ಅರ್ಧ ಗಾಳಿಯಲ್ಲಿ. ಓಡಲು ಆಗುವುದಿಲ್ಲ, ಮೀನಿಗೆ ಹಬ್ಬ! ಈ ಕೊಕ್ಕೆಗೆ ಬಾತುಕೋಳಿಯ ಬಾಲದ ಬುಡದ, ಎಣ್ಣೆ ಗ್ರಂಥಿಯ ಸುತ್ತಲಿನ ಪುಕ್ಕ ಕಟ್ಟುತ್ತಾರೆ. ಅದು ಸುಲಭಕ್ಕೆ ಮುಳುಗುವುದಿಲ್ಲ.

3. ಮಸುಕು ರೆಕ್ಕೆಯ ಹುಳ: ರೆಕ್ಕೆ ಒಣಗುವ ತನಕ ನೀರಿನ ಮೇಲೆ ಕೂತು ತೇಲುತ್ತದೆ. ಇದಕ್ಕೆ ಹುಂಜದ ಕುತ್ತಿಗೆಯ ಬಿರುಸಾದ ಗರಿಯನ್ನು ಕೊಕ್ಕೆಯ ಸುತ್ತ ಸುತ್ತುತ್ತಾರೆ. ಗರಿಯ ಎಳೆಗಳು ಕಾಲಿನ ಹಾಗೆ ನೀರಿನ ಮೇಲೆ ನಿಲ್ಲುತ್ತವೆ.

4. ಗಾಜಿನ ರೆಕ್ಕೆಯ ಹುಳ: ಮೂರನೆಯ ಹುಳ ಗಿಡಕ್ಕೆ ಹಾರಿ ಇನ್ನೊಂದು ಸಲ ಪೊರೆ ಬಿಡುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಇದೊಂದೇ! ಆಮೇಲೆ ಇದು ಏನನ್ನೂ ತಿನ್ನುವುದಿಲ್ಲ. ಮೊಟ್ಟೆ ಇಟ್ಟು, ರೆಕ್ಕೆ ಚಾಚಿ ನೀರಿನ ಮೇಲೆ ಬಿದ್ದು ಸಾಯುತ್ತದೆ. ಈ ಕೊಕ್ಕೆಗೆ ರೆಕ್ಕೆಯನ್ನು ಎರಡು ಕಡೆ ಚಪ್ಪಟೆಯಾಗಿ ಕಟ್ಟಬೇಕು.

ಮೀನು ಮರಿಹುಳ ತಿನ್ನುವ ಹೊತ್ತಿನಲ್ಲಿ ರೆಕ್ಕೆಯ ಕೊಕ್ಕೆ ಹಾಕಿದರೆ ಎಷ್ಟೋ ಸಲ ಮೂಸಿಯೂ ನೋಡುವುದಿಲ್ಲವಂತೆ. ಅಂದರೆ ಹುಳದ ಜೀವನ ಗೊತ್ತಿಲ್ಲದವನಿಗೆ ಮೀನಿಲ್ಲ.

ಇದಕ್ಕೆ ಒಂದು ಒಳ್ಳೆ ಉದಾಹರಣೆ ಫ್ರಾಂಕ್ ಸಾಯರ್. ಅವರು ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಏವನ್ ನದಿಯನ್ನು ಕಾಯುವ ಕೆಲಸದಲ್ಲಿದ್ದರು. ನೀರೊಳಗಿನ ಮರಿಹುಳ ಈಜುವಾಗ ಕಾಲುಗಳನ್ನು ಮೈಗೆ ಒತ್ತಿಕೊಳ್ಳುತ್ತದೆ ಎಂದು ಅವರು ಕಂಡುಕೊಂಡರು. ಹಾಗಾಗಿ ಅವರ ಕೊಕ್ಕೆಗೆ ಕಾಲೇ ಇಲ್ಲ! ಫೆಸೆಂಟ್ ಎಂಬ ಹಕ್ಕಿಯ ಬಾಲದ ಗರಿ, ತಾಮ್ರದ ತಂತಿ, ಇವೆರಡೇ ಸಾಮಾನು. ನೂಲಿನ ಬದಲು ತಂತಿಯಿಂದಲೇ ಗರಿಯನ್ನು ಬಿಗಿದರು, ತೂಕವೂ ಬಂತು. 1958ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಆ ಕೊಕ್ಕೆಯನ್ನು ಇವತ್ತಿಗೂ ಅನೇಕ ದೇಶಗಳಲ್ಲಿ ಕಟ್ಟುತ್ತಾರೆ.

ನಮ್ಮ ಕಡೆಗೂ ಇದಕ್ಕೂ ಒಂದು ಸಂಬಂಧ ಇದೆ. ನವಿಲುಗರಿಯ ಎಳೆಯನ್ನು ಇಂಥ ಕೊಕ್ಕೆಗಳಿಗೆ ತುಂಬಾ ಬಳಸುತ್ತಾರೆ. ನಮ್ಮ ಘಟ್ಟದ ಕಾಡುಕೋಳಿ ಹುಂಜದ ಕುತ್ತಿಗೆ ಗರಿಯಲ್ಲಿ ಮೇಣದ ಹನಿಯಂಥ ಚುಕ್ಕೆ ಇದೆ. ಅದಕ್ಕಾಗಿ ಆ ಗರಿಗಳು ಹಿಂದೆ ಭಾರತದಿಂದ ಹೊರದೇಶಕ್ಕೆ ಹೋಗುತ್ತಿದ್ದವು. ಈಗ ಕಾಡುಕೋಳಿ ಬೇಟೆ ಕಾನೂನಿಗೆ ವಿರುದ್ಧ.

ನಾನೂ ನನ್ನ ತಂಗಿಯೂ ಮನೆಯ ಹುಂಜದ ಉದುರಿದ ಗರಿ ಆರಿಸಿ, ಸುಟ್ಟ ಮೋಟಾರಿನ ತಾಮ್ರದ ತಂತಿ ತಂದು ಒಂದು ಕೊಕ್ಕೆ ಕಟ್ಟಿದೆವು. ಇಕ್ಕಳದ ಬಾಯಿಗೆ ಕೊಕ್ಕೆ ಕೊಟ್ಟು, ಹಿಡಿಗೆ ರಬ್ಬರ್ ಹಾಕಿ ಬಿಗಿದೆವು. ಮೂರು ಸಲ ಬಿಚ್ಚಿಹೋಯಿತು. ನಾಲ್ಕನೆಯದನ್ನು ಹೊಳೆಗೆ ಬಿಟ್ಟಾಗ ಒಂದು ಸಣ್ಣ ಮೀನು ಬಂದು ಬಾಯಿಗೆ ಹಾಕಿಕೊಂಡು, ತಕ್ಷಣ ಉಗಿದುಬಿಟ್ಟಿತು. ತಂಗಿ ನಕ್ಕಳು. ಆದರೆ ನನಗೆ ಖುಷಿಯಾಯ್ತು. ಒಂದು ಕ್ಷಣವಾದರೂ ಅದನ್ನು ಹುಳ ಅಂದುಕೊಂಡಿತಲ್ಲ!

ಇನ್ನೊಂದು ಮಾತು ಹೇಳಲೇಬೇಕು. ಹೋದ ಬೇಸಿಗೆಯಲ್ಲಿ ಕೆಲವರು ಹೊಳೆಯ ಗುಂಡಿಗೆ ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿದರು. ನಾನೂ ಬುಟ್ಟಿ ಹಿಡಿದು ಹೋಗಿದ್ದೆ, ಮೀನು ಆರಿಸಿದೆ, ಸಾರೂ ಉಂಡೆ. ಒಂದು ವಾರದ ಮೇಲೆ ಮೇಷ್ಟ್ರ ಜೊತೆ ಮರಿಹುಳ ಹುಡುಕಲು ಅದೇ ಗುಂಡಿಗೆ ಹೋದೆವು. ಇಪ್ಪತ್ತು ಕಲ್ಲು ಎತ್ತಿ ನೋಡಿದರೂ ಒಂದೂ ಸಿಗಲಿಲ್ಲ. ಅಲ್ಲಿಂದ ಮೇಲೆ, ಪುಡಿ ಬೀಳದ ಕಡೆ, ಎರಡನೇ ಕಲ್ಲಿನಲ್ಲೇ ಐದು ಇದ್ದವು. ಅವತ್ತು ನಾನು ಯಾರ ಮುಖವನ್ನೂ ನೋಡಲಿಲ್ಲ.

ಗಾಳ ಹಾಕುವವನು ಒಂದು ಮೀನು ಒಯ್ಯುತ್ತಾನೆ. ಪುಡಿ ಹಾಕಿದರೆ ದೊಡ್ಡ ಮೀನು, ಮರಿ ಮೀನು, ಮೀನು ತಿನ್ನುವ ಹುಳ ಎಲ್ಲ ಹೋಗುತ್ತವೆ. ಮೇಲಿನ ಹುಳಗಳು ನೀರಿನ ಜೊತೆ ತೇಲಿ ಬಂದು ಮತ್ತೆ ಕೆಳಗೆ ಸೇರಿಕೊಳ್ಳುತ್ತವೆ ಅಂತ ಮೇಷ್ಟ್ರು ಹೇಳಿದರು. ಆದರೆ ಮೇಲಿನ ಗುಂಡಿಗೂ ಪುಡಿ ಹಾಕಿದರೆ ಎಲ್ಲಿಂದ ಬರಬೇಕು?

ಈ ಸಲ ಕರೆದರೆ ನಾನು ಹೋಗುವುದಿಲ್ಲ. ನೀವೂ ಹೋಗಬೇಡಿ. ಭಾನುವಾರ ಹೊಳೆಗೆ ಹೋದಾಗ ಒಂದು ಕಲ್ಲು ಎತ್ತಿ ಮರಿಹುಳದ ಬಾಲದ ಎಳೆ ಎಣಿಸಿ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ. ಅದು ಅವುಗಳ ಮನೆ.

– 7ನೇ ತರಗತಿ