ತೊಡೆಸಂದಿಯ ತುರಿಕೆ: ರೋಗಕ್ಕಿಂತ ಟ್ಯೂಬಿನ ಕಾಟವೇ ಹೆಚ್ಚು

ಮೆಡಿಕಲ್ ಶಾಪಿನಲ್ಲಿ ಮುಂದಿದ್ದವರು ಔಷಧಿ ಕಟ್ಟಿಸಿಕೊಂಡು ಹೋಗುವವರೆಗೆ ಪಕ್ಕಕ್ಕೆ ಸರಿದು ನಿಂತು, ಆಮೇಲೆ ತಗ್ಗಿದ ದನಿಯಲ್ಲಿ ‘ತುರಿಕೆಗೆ ಏನಾದ್ರೂ ಕೊಡಿ’ ಎನ್ನುವವರನ್ನು ನೀವೂ ನೋಡಿರುತ್ತೀರಿ. ಎಲ್ಲಿ ತುರಿಕೆ ಎಂದು ಅಂಗಡಿಯವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಟ್ಯೂಬ್ ಕವರಿಗೆ ಬೀಳುತ್ತದೆ, ದುಡ್ಡು ಕೈ ಬದಲಾಗುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ವಾಸಿಯಾಗದ ತುರಿಕೆಯ ಕಥೆ ಎಷ್ಟೋ ಸಲ ಇಲ್ಲಿಂದಲೇ ಶುರುವಾಗುತ್ತದೆ. ನಾಚಿಕೆಯಿಂದ ಬಾಯಿ ಬಿಡದವರ ಸುತ್ತ ತಪ್ಪು ನಂಬಿಕೆಗಳು ಸಲೀಸಾಗಿ ಬೆಳೆದಿವೆ.

‘ಆ ಜಾಗದಲ್ಲಿ ತುರಿಕೆ ಬಂದರೆ ಅದು ಗುಪ್ತರೋಗವೇ’

ಮೊದಲ ಭಯ ಇದು. ಮದುವೆಯಾದವರಲ್ಲಿ ಇದರ ಬೆನ್ನಿಗೇ ‘ಯಾರಿಂದ ಬಂತು?’ ಎಂಬ ಸಂಶಯವೂ ಬರುತ್ತದೆ. ಆದರೆ ನಮ್ಮಲ್ಲಿ ತೊಡೆಸಂದಿಯ ತುರಿಕೆಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಒಂದು ಹುಳುಕಡ್ಡಿ. ಗಜಕರ್ಣ ಎಂದು ಕರೆಯುವುದೂ ಇದನ್ನೇ. ಹೆಸರಿನಲ್ಲಿ ಹುಳು ಇದ್ದರೂ ಇದು ಶಿಲೀಂಧ್ರದ ಸೋಂಕು. ಬೆವರು, ಬಿಗಿ ಜೀನ್ಸ್, ಮಳೆಗಾಲದಲ್ಲಿ ಪೂರ್ತಿ ಒಣಗದ ಒಳಉಡುಪು ಇದ್ದರೆ ಸಾಕು. ಬೆಳಕಿನಲ್ಲಿ ನೋಡಿದರೆ ಗುರುತು ಸಿಗುತ್ತದೆ: ಅಂಚು ಕೆಂಪಾಗಿ ತುಸು ಉಬ್ಬಿ, ಸಣ್ಣ ಹೊಟ್ಟು ಎದ್ದಿರುತ್ತದೆ, ನಡುವಿನ ಚರ್ಮ ವಾಸಿಯಾದಂತೆ ಕಾಣುತ್ತದೆ, ಸುತ್ತು ದಿನದಿಂದ ದಿನಕ್ಕೆ ಹೊರಕ್ಕೆ ಹಿಗ್ಗುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ವೃಷಣದ ಚೀಲವನ್ನು ಬಿಟ್ಟು ತೊಡೆಯ ಕಡೆಗೆ ಹರಡುತ್ತದೆ.

ಇನ್ನು ರಾತ್ರಿ ಹಾಸಿಗೆಗೆ ಬಿದ್ದೊಡನೆ ಜೋರಾಗುವ, ಬೆರಳ ಸಂದಿ ಮತ್ತು ಹೊಕ್ಕಳ ಸುತ್ತಲೂ ಇರುವ, ಮನೆಯ ಇನ್ನೊಬ್ಬರಿಗೂ ಹತ್ತಿರುವ ತುರಿಕೆಯಾದರೆ ಅದು ಕಜ್ಜಿ ಇರಬಹುದು. ಸೋಪು, ಪೌಡರ್, ಕಾಂಡೋಮಿನ ರಬ್ಬರ್ ಒಗ್ಗದೆಯೂ ಉರಿ ಬರುತ್ತದೆ. ಮುಂದೊಗಲು ಕೆಂಪಾಗಿ ಬಿರಿದು ಬಿಳಿ ಪದರ ಕಟ್ಟಿದರೆ ಕ್ಯಾಂಡಿಡಾ ಶಿಲೀಂಧ್ರದ ಕೆಲಸವಿರಬಹುದು. ಅಂಥವರು ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು, ಎಷ್ಟೋ ಜನರಿಗೆ ಮಧುಮೇಹ ಇರುವುದು ಗೊತ್ತಾಗುವುದೇ ಹೀಗೆ. ಡಪಾಗ್ಲಿಫ್ಲೋಜಿನ್‌ನಂಥ, ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಸಾಧ್ಯತೆ ಇನ್ನೂ ಹೆಚ್ಚು. ಇವುಗಳಲ್ಲಿ ಕೆಲವು ಮೈ ತಾಗಿದರೆ ಹರಡುತ್ತವೆ ನಿಜ, ಆದರೆ ಬರಲು ಲೈಂಗಿಕ ಸಂಪರ್ಕವೇ ಬೇಕೆಂದಿಲ್ಲ. ತುರಿಕೆಯೊಂದನ್ನೇ ಹಿಡಿದು ಯಾರ ಶೀಲದ ಬಗ್ಗೆಯೂ ತೀರ್ಪು ಕೊಡಬಾರದು.

‘ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಂತಿತು, ಟ್ಯೂಬ್ ಒಳ್ಳೆಯದು’

ಅತಿ ಹೆಚ್ಚು ಅನಾಹುತ ಮಾಡಿರುವ ನಂಬಿಕೆ ಇದು. ಅಂಗಡಿಯಲ್ಲಿ ಕೈಗೆ ಬರುವ ಟ್ಯೂಬಿನ ಹಿಂಬದಿಯ ಸಣ್ಣಕ್ಷರ ಓದಿ. ಕ್ಲೋಬೆಟಸಾಲ್, ಬೆಕ್ಲೋಮೆಥಸೋನ್, ಬೀಟಾಮೆಥಸೋನ್ ಎಂಬ ಹೆಸರುಗಳಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಅದರ ಜೊತೆಗೆ ಒಂದು ಶಿಲೀಂಧ್ರನಾಶಕ, ಒಂದೋ ಎರಡೋ ಆಂಟಿಬಯಾಟಿಕ್ ಬೆರೆಸಿರುತ್ತಾರೆ. ಸ್ಟೀರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರ ವಿರುದ್ಧ ಹೋರಾಡುತ್ತಿರುವ ಚರ್ಮದ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಮನೆಗೆ ಕಳ್ಳ ನುಗ್ಗಿರುವಾಗ ಬೊಗಳುವ ನಾಯಿಯ ಬಾಯಿ ಕಟ್ಟಿದ ಹಾಗೆ ಇದು. ಹಚ್ಚುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ತುರಿಕೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಸೊಂಟಕ್ಕೂ ಪೃಷ್ಠಕ್ಕೂ ಏರುತ್ತದೆ. ಆಗ ಅದೇ ಟ್ಯೂಬ್ ಮತ್ತೆ. ಸುತ್ತಿನ ಗುರುತು ಅಳಿಸಿ, ಇದು ಯಾವ ರೋಗವೆಂದು ವೈದ್ಯರಿಗೂ ತಕ್ಷಣ ಗೊತ್ತಾಗದ ಸ್ಥಿತಿ ಬರುತ್ತದೆ.

ಆ ಭಾಗದ ಚರ್ಮವೂ ಬೇರೆಯೇ. ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಅಳೆದಂತೆ, ಮುಂದೋಳಿನ ಚರ್ಮಕ್ಕಿಂತ ವೃಷಣದ ಚರ್ಮ ಸುಮಾರು 42 ಪಟ್ಟು ಹೆಚ್ಚು ಸ್ಟೀರಾಯ್ಡ್ ಹೀರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ತೊಡೆಸಂದಿಯಲ್ಲಿ ಬಸುರಿಯರ ಹೊಟ್ಟೆಯ ಮೇಲಿನಂಥ ಗೆರೆಗಳು ಬೀಳುತ್ತವೆ. ಅವು ಪೂರ್ತಿ ಮಾಯುವುದಿಲ್ಲ. ಕೆಲವರಿಗೆ ಸೋಂಕು ಹೋದ ಮೇಲೂ ವೃಷಣದ ಚರ್ಮ ಕೆಂಡದಂತೆ ಕೆಂಪಾಗಿ ಉರಿಯುತ್ತಲೇ ಇರುತ್ತದೆ. ‘ಇನ್ನೂ ಸೋಂಕು ಇದೆ’ ಎಂದು ಅವರು ಮತ್ತೊಂದು ಟ್ಯೂಬ್ ತರುತ್ತಾರೆ. ಉರಿ ಬಂದಿರುವುದೇ ಹಳೆಯ ಟ್ಯೂಬಿನಿಂದ. ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಸರ್ಕಾರ ನಿಯಮ ಬಿಗಿಗೊಳಿಸಿತು. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳು ಊರೂರಲ್ಲಿ ಇವೆ.

ಇದರ ಫಲ ನಮ್ಮ ಮನೆಗಷ್ಟೇ ನಿಂತಿಲ್ಲ. ಟರ್ಬಿನಾಫಿನ್ ಮದ್ದಿಗೆ ಹಲವು ಸಲ ಬಗ್ಗದ ಹುಳುಕಡ್ಡಿಯ ತಳಿಯೊಂದಕ್ಕೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಆ ಹೆಸರಿನಲ್ಲೇ ಭಾರತ ಇದೆ. ಈಗ ಯುರೋಪು, ಅಮೆರಿಕದಲ್ಲೂ ಅದು ಸಿಕ್ಕಿದೆ. ಹಾಗಾಗಿ ಹುಳುಕಡ್ಡಿಗೆ ಎರಡು ವಾರದ ಮದ್ದು ಸಾಕೆಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ತಿಂಗಳು, ಒಂದೂವರೆ ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಕಲೆಯ ಅಂಚಿನಾಚೆ ಎರಡು ಸೆಂಟಿಮೀಟರ್‌ವರೆಗೆ ಹಚ್ಚಬೇಕು, ತುರಿಕೆ ನಿಂತ ದಿನವೇ ನಿಲ್ಲಿಸಬಾರದು. ಬಹಳ ದಿನ ಸ್ಟೀರಾಯ್ಡ್ ಹಚ್ಚಿದವರು ಅದನ್ನು ಬಿಡುವ ಕ್ರಮವನ್ನೂ ವೈದ್ಯರಿಂದಲೇ ಕೇಳಿ ತಿಳಿಯಬೇಕು.

‘ಡೆಟಾಲ್ ಹಾಕಿ ಚೆನ್ನಾಗಿ ತೊಳೆದರೆ ಸೋಂಕು ಸಾಯುತ್ತದೆ’

ಸಾಯುವುದಿಲ್ಲ, ಚರ್ಮ ಸುಡುತ್ತದೆ. ನೀರು ಬೆರೆಸದೆ ಹಚ್ಚಿಕೊಂಡು ಸಿಪ್ಪೆ ಎದ್ದು ಆಸ್ಪತ್ರೆಗೆ ಓಡುವವರಿದ್ದಾರೆ. ನಿಂಬೆರಸ, ಉಪ್ಪು, ಬೆಳ್ಳುಳ್ಳಿ ಅರೆದ ಲೇಪದ ಕಥೆಯೂ ಅಷ್ಟೇ. ದಿನಕ್ಕೊಮ್ಮೆ ನೀರಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ತೇವ ತೆಗೆದರೆ ಸಾಕು. ಹೆಂಗಸರಿಗಂತೂ ಯೋನಿಯ ಒಳಗೆ ಸೋಪಾಗಲಿ ಸುವಾಸನೆಯ ವಾಶ್ ಆಗಲಿ ಬೇಡವೇ ಬೇಡ. ಅಲ್ಲಿನ ಸಹಜ ಆಮ್ಲೀಯತೆಯೇ ಕಾವಲು, ಅದು ಕೆಟ್ಟರೆ ಸೋಂಕಿಗೆ ದಾರಿ.

‘ಉಷ್ಣ ಜಾಸ್ತಿಯಾಗಿದೆ, ಎಳನೀರು ಕುಡಿ’ ಎಂಬ ಮಾತಿನಲ್ಲಿ ಕೆಡುಕಿಲ್ಲ, ಎಳನೀರಿನಿಂದ ನಷ್ಟವೂ ಇಲ್ಲ. ನಷ್ಟವಾಗುವುದು ಆ ಸಮಾಧಾನದಲ್ಲಿ ಕಳೆದುಹೋಗುವ ತಿಂಗಳುಗಳು. ಸಾರ್ವಜನಿಕ ಶೌಚಾಲಯದಿಂದ ಗುಪ್ತರೋಗ ಅಂಟುತ್ತದೆಂದು ಹೆದರಿ, ಮನೆಯಲ್ಲಿ ಮಾತ್ರ ನಾಲ್ಕು ಜನ ಒಂದೇ ಟವೆಲ್ ಬಳಸುತ್ತೇವೆ. ಹುಳುಕಡ್ಡಿ ಹರಡುವುದು ಆ ಟವೆಲಿನಿಂದ. ಒಬ್ಬರಿಗೆ ಚಿಕಿತ್ಸೆ ಕೊಟ್ಟು ಅವರ ಜೊತೆ ಮಲಗುವವರನ್ನು ಬಿಟ್ಟರೆ ತುರಿಕೆ ಮನೆಯೊಳಗೇ ಸುತ್ತುತ್ತದೆ. ಬಟ್ಟೆ ಬೇರೆ ಒಗೆಯಿರಿ, ಬಿಸಿಲಿಗೆ ತಿರುವಿ ಹಾಕಿ. ಹುಳುಕಡ್ಡಿ ಇರುವಷ್ಟು ದಿನ ಉಡುದಾರವನ್ನೂ ತೆಗೆದಿಡಿ. ಸದಾ ಒದ್ದೆಯಾಗಿರುವ ಆ ದಾರದ ಕೆಳಗೇ ಸೋಂಕು ಉಳಿದು ಮರುಕಳಿಸುತ್ತದೆ. ಸಂಪ್ರದಾಯಕ್ಕೆ ಇದರಿಂದ ಧಕ್ಕೆಯಿಲ್ಲ, ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಬಹುದು.

‘ಹೆಂಗಸರಿಗೆ ತುರಿಕೆ ಎಂದರೆ ಬಿಳಿ ಸೆರಗು, ಸಹಿಸಿಕೊಳ್ಳಬೇಕು’

ಸಹಿಸಬೇಕಾದ್ದು ಏನೂ ಇಲ್ಲ. ಮೊಸರಿನಂಥ ಗಟ್ಟಿ ಸ್ರಾವ ಮತ್ತು ತುರಿಕೆ ಕ್ಯಾಂಡಿಡಾ ಆಗಿದ್ದರೆ ಸುಲಭದ ಮದ್ದಿದೆ. ಮುಟ್ಟು ನಿಂತವರಲ್ಲಿ ಚರ್ಮ ಒಣಗಿ ಉರಿಯಬಹುದು. ನಾನು ಒತ್ತಿ ಹೇಳಬೇಕೆಂದಿರುವುದು ಲೈಕನ್ ಸ್ಕ್ಲೆರೋಸಸ್ ಬಗ್ಗೆ: ಚರ್ಮ ಬೆಳ್ಳಗಾಗಿ, ತೆಳುವಾಗಿ, ಸುಕ್ಕಾಗುತ್ತದೆ, ತುರಿಕೆ ನಿದ್ದೆ ಕೆಡಿಸುತ್ತದೆ. ಅಂಟುರೋಗವಲ್ಲ, ತೊನ್ನೂ ಅಲ್ಲ. ಬಿಟ್ಟರೆ ಅಂಗದ ಆಕಾರವೇ ಬದಲಾಗುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಇದಕ್ಕೆ ವೈದ್ಯರು ಕೊಡುವ ಮುಖ್ಯ ಮದ್ದು ಅದೇ ಕ್ಲೋಬೆಟಸಾಲ್, ಅಳತೆ ಮತ್ತು ಅವಧಿ ಗೊತ್ತುಮಾಡಿ. ಹುಳುಕಡ್ಡಿಗೆ ವಿಷವಾದದ್ದು ಇಲ್ಲಿ ಔಷಧ. ಕಾಯಿಲೆಯ ಹೆಸರು ತಿಳಿಯದೆ ಏನನ್ನೂ ಹಚ್ಚಬೇಡಿ ಎನ್ನುವುದು ಇದಕ್ಕೇ.

‘ರಿಪೋರ್ಟ್ ನೆಗೆಟಿವ್ ಬಂದರೂ ತುರಿಕೆ ಹೋಗಿಲ್ಲ, ಅಂದರೆ ಎಚ್‌ಐವಿ ಇದೆ’

ತುರಿಕೆಯಿಂದ ಎಚ್‌ಐವಿಯನ್ನು ಗುರುತಿಸಲಾಗದು, ರಕ್ತಪರೀಕ್ಷೆಯೊಂದೇ ದಾರಿ. ಸಂಪರ್ಕವಾಗಿ 45 ದಿನ ಕಳೆದ ಮೇಲೆ ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಪರೀಕ್ಷೆ, ಅಥವಾ ಮೂರು ತಿಂಗಳ ಬಳಿಕ ಬೆರಳು ಚುಚ್ಚಿ ಮಾಡುವ ಪರೀಕ್ಷೆ ನೆಗೆಟಿವ್ ಬಂದರೆ, ಎಚ್‌ಐವಿ ತಡೆಯುವ ಮಾತ್ರೆ ತೆಗೆದುಕೊಳ್ಳದವರ ಮಟ್ಟಿಗೆ ಆ ಪ್ರಶ್ನೆ ಮುಗಿಯಿತು. ಸಿಫಿಲಿಸ್‌ಗೂ ಮೂರು ತಿಂಗಳ ಲೆಕ್ಕ. ಆದರೂ ಮನಸ್ಸು ಒಪ್ಪದೆ ಲ್ಯಾಬಿನಿಂದ ಲ್ಯಾಬಿಗೆ ಅಲೆಯುವವರು, ರಾತ್ರಿ ಟಾರ್ಚ್ ಹಿಡಿದು ಚರ್ಮ ಪರೀಕ್ಷಿಸುವವರು ಇದ್ದಾರೆ. ಶಿಶ್ನದ ತುದಿಯ ಸುತ್ತ ಸಾಲಾಗಿರುವ ಮುತ್ತಿನಂಥ ಗುಳ್ಳೆಗಳು, ಹಳದಿ ಎಣ್ಣೆಗ್ರಂಥಿಯ ಚುಕ್ಕೆಗಳು ಸಹಜವಾದವು. ಇವನ್ನೇ ರೋಗವೆಂದು ಚಿವುಟಿ ಗಾಯ ಮಾಡಿಕೊಳ್ಳುತ್ತಾರೆ. ಚಿಂತೆ ತುರಿಕೆಯನ್ನು ಹೆಚ್ಚಿಸುತ್ತದೆ, ತುರಿಸಿದ ಚರ್ಮ ದಪ್ಪಗಾಗಿ ಮತ್ತೆ ತುರಿಸುತ್ತದೆ. ಈ ಸುತ್ತು ಹರಿಯಲು ಚರ್ಮವೈದ್ಯರ ಜೊತೆ ಮನೋವೈದ್ಯರ ನೆರವೂ ಬೇಕಾಗಬಹುದು, ಅದರಲ್ಲಿ ಅವಮಾನವಿಲ್ಲ.

ನೋವಿಲ್ಲದ ಹುಣ್ಣು, ನೀರುಗುಳ್ಳೆ, ಕೀವು, ವಾರಗಳಾದರೂ ಮಾಯದ ಗಂಟು ಕಂಡರೆ ಮಾತ್ರ ಒಂದು ದಿನವೂ ಕಾಯಬೇಡಿ. ಬಸ್‌ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ ತಜ್ಞ’ರ ನಂಬರಿಗೆ ಫೋನ್ ಮಾಡುವ ಮೊದಲು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ, ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಜೊತೆಗೆ ಒಯ್ದು ತೋರಿಸಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಎದುರಿಗೆ ಕೇಳಲು ಸಂಕೋಚವಾದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಅದಕ್ಕೂ ದುಡ್ಡು ಬೇಕಿಲ್ಲ.